ಬಿಚ್ಚಿ ಜೋಡಿಸಬಹುದಾದ ಗಿಟಾರ್: ಟೆಲಿಕಾಸ್ಟರ್ ಬಳಸಿದವನ ಮಾತು

ನನ್ನ ಬಳಿ ಇರುವುದು ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್. ಮೆಕ್ಸಿಕೊದ ಎನ್ಸೆನಾಡ ಕಾರ್ಖಾನೆಯಲ್ಲಿ 1950ರ ದಶಕದ ಮಾದರಿಯಂತೆ ಮಾಡಿದ್ದು: ಆಶ್ ಮರದ ಒಡಲು, ಮೇಪಲ್ ಮರದ ನೆಕ್ (ಬೆರಳಿಟ್ಟು ನುಡಿಸುವ ಉದ್ದ ಕುತ್ತಿಗೆ), ತಂತಿಗಳು ಕೂರುವ ಹಿತ್ತಾಳೆಯ ಮೂರು ಸ್ಯಾಡಲ್. ಮಂಗಳೂರಿನ ಹಲವು ಮಳೆಗಾಲಗಳನ್ನು ಇದು ಕಂಡಿದೆ. ಗಣೇಶೋತ್ಸವದ ವೇದಿಕೆ, ಮದುವೆಯ ಆರ್ಕೆಸ್ಟ್ರಾ, ಮನೆಯ ಅಭ್ಯಾಸ ಎಲ್ಲಕ್ಕೂ ಇದೊಂದೇ. ಇದರ ನಾದವನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇದನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಬಹುದೆಂಬ ಗುಣ.

ಆ ಗುಣ ಬಂದದ್ದು ಇದನ್ನು ರೂಪಿಸಿದವರ ಕಸುಬಿನಿಂದ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಟೊಳ್ಳು ಒಡಲಿನ ಗಿಟಾರ್‌ಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸಿ ಧ್ವನಿ ಏರಿಸಿದರೆ ಸ್ಪೀಕರಿನ ಸದ್ದಿಗೆ ಒಡಲೇ ಕಂಪಿಸಿ ಕೂಗತೊಡಗುತ್ತದೆ. ಗಟ್ಟಿ ಮರದ ಹಲಗೆ ಹಾಗೆ ಕಂಪಿಸುವುದಿಲ್ಲ. ಈ ದಾರಿಯಲ್ಲಿ ಹೊರಟ ಮೊದಲಿಗರು ಅವರಲ್ಲ. ಪಾಲ್ ಬಿಗ್ಸ್‌ಬಿ ಎಂಬ ಕುಶಲಕರ್ಮಿ 1948ರಲ್ಲೇ ಗಿಟಾರ್ ವಾದಕ ಮರ್ಲ್ ಟ್ರ್ಯಾವಿಸ್ ಅವರಿಗೆ ಅಂಥದೊಂದು ಗಿಟಾರ್ ಮಾಡಿಕೊಟ್ಟಿದ್ದರು. ಆದರೆ ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಿ, ಸಾಮಾನ್ಯ ವಾದಕನ ಕೈಗೆ ತಲುಪಿಸಿ ಗೆದ್ದವರು ಫೆಂಡರ್. 1950ರಲ್ಲಿ ಒಂದು ಪಿಕಪ್‌ನ ಎಸ್ಕ್ವೈರ್ ಬಂತು, ಅದೇ ವರ್ಷದ ಕೊನೆಗೆ ಎರಡು ಪಿಕಪ್‌ನ ಬ್ರಾಡ್‌ಕಾಸ್ಟರ್. ಹೆಚ್ಚುಕಡಿಮೆ ಅದೇ ಹೆಸರಿನ ಡ್ರಮ್ ಮಾರುತ್ತಿದ್ದ ಗ್ರೆಚ್ ಕಂಪನಿ ಆಕ್ಷೇಪ ಎತ್ತಿದ್ದರಿಂದ 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. ನಡುವಿನ ಕೆಲವು ತಿಂಗಳು ಸ್ಟಿಕರಿನಿಂದ ಮಾದರಿಯ ಹೆಸರನ್ನು ಕತ್ತರಿಸಿ, ಬರೀ ಫೆಂಡರ್ ಎಂದಷ್ಟೇ ಉಳಿಸಿ ಗಿಟಾರ್‌ಗಳನ್ನು ಕಳಿಸಿದರು. ಇಂದು ಸಂಗ್ರಾಹಕರು ಅವನ್ನು ನೋಕಾಸ್ಟರ್ ಎಂದು ಕರೆದು ಮುಗಿಬೀಳುತ್ತಾರೆ.

ಹಳೆಯ ಪದ್ಧತಿಯಲ್ಲಿ ನೆಕ್ಕನ್ನು ಒಡಲಿಗೆ ಅಂಟು ಹಾಕಿ ಕೂರಿಸುತ್ತಿದ್ದರು. ಫೆಂಡರ್ ನಾಲ್ಕು ಸ್ಕ್ರೂಗಳಲ್ಲಿ ಬಿಗಿದರು. ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಸವೆದರೆ ನೆಕ್ಕನ್ನೇ ಬದಲಿಸಿ ಎಂಬ ಲೆಕ್ಕ. ನೆಕ್ ಒಂದೇ ತುಂಡು ಮೇಪಲ್. ಬೆರಳಿಡಲು ಬೇರೆ ಹಲಗೆ (ಫಿಂಗರ್‌ಬೋರ್ಡ್) ಅಂಟಿಸಿಲ್ಲ, ಫ್ರೆಟ್‌ಗಳು ನೇರ ಅದರಲ್ಲೇ ಕೂತಿವೆ. ನೆಕ್ಕಿನ ಬಾಗನ್ನು ಹೊಂದಿಸುವ ಒಳಗಿನ ಉಕ್ಕಿನ ಸರಳನ್ನು ಹಿಂದಿನಿಂದ ತೂರಿಸಿ ಆ ತೋಡನ್ನು ವಾಲ್ನಟ್ ಪಟ್ಟಿಯಿಂದ ಮುಚ್ಚಿದ್ದಾರೆ. ನೆಕ್ಕಿನ ಬೆನ್ನ ಮೇಲೆ ಕಾಣುವ ಕಂದು ಗೆರೆ ಅದೇ.

ಕರಾವಳಿಯ ತೇವಕ್ಕೆ ನೆಕ್ ಬಾಗುತ್ತದೆ, ತಂತಿ ಮೇಲೇಳುತ್ತದೆ. ಹಳೆಯ ಮಾದರಿಯಾದ್ದರಿಂದ ಸರಳಿನ ನಟ್ ಇರುವುದು ನೆಕ್ಕಿನ ಬುಡದಲ್ಲಿ, ಒಡಲಿನ ಒಳಗೆ. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಎತ್ತಿ, ನಟ್ಟನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಜೋಡಿಸಿ, ಶ್ರುತಿ ಮಾಡಿ ನೋಡಬೇಕು. ಸಾಲದಿದ್ದರೆ ಮೊದಲಿನಿಂದ. ಬೇಸರದ ಕೆಲಸವೇ ಸರಿ, ಆದರೆ ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆಯಲ್ಲೇ ಆಗುತ್ತದೆ. ಅಂಟಿಸಿದ ನೆಕ್ಕಿನ ಗಿಟಾರ್‌ನಲ್ಲಿ ಬುಡದ ಕೋನ ಕೆಟ್ಟರೆ ಕುಶಲ ಕೆಲಸಗಾರನನ್ನೇ ಹುಡುಕಬೇಕು.

ನಾದದ ಗುಟ್ಟು ಒಡಲಿನ ಮೇಲೆ ಸ್ಯಾಡಲ್‌ಗಳನ್ನು ಹೊತ್ತ ಬ್ರಿಡ್ಜ್‌ನಲ್ಲಿದೆ. ಅಲ್ಲಿನ ಪಿಕಪ್ ಉಕ್ಕಿನ ತಟ್ಟೆಯೊಳಗೆ ಓರೆಯಾಗಿ ಕೂತಿದೆ, ಅದರ ಅಡಿಗೆ ತಾಮ್ರ ಲೇಪಿಸಿದ ಇನ್ನೊಂದು ಉಕ್ಕಿನ ತಗಡು. ಈ ಲೋಹಗಳು ಪಿಕಪ್‌ನ ಕಾಯಿಲ್‌ನ (ತಂತಿ ಸುರುಳಿಯ) ಕಾಂತಕ್ಷೇತ್ರವನ್ನು ಬದಲಿಸುತ್ತವೆ. ಟೆಲಿಕಾಸ್ಟರ್‌ನ ಆ ಚೂಪಾದ, ಕಡಿಯುವಂಥ ದನಿ ಬರುವುದರಲ್ಲಿ ಅವುಗಳ ಪಾಲು ದೊಡ್ಡದು. ಎರಡು ಕೀಬೋರ್ಡ್, ರಿದಮ್ ಪ್ಯಾಡ್, ಡೋಲಕ್ ಒಟ್ಟಿಗೆ ಮೊಳಗುವ ವೇದಿಕೆಯಲ್ಲೂ ನನ್ನ ಗಿಟಾರಿನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ನೆಕ್ ಬದಿಯ ಪಿಕಪ್‌ಗೆ ಲೋಹದ ಮುಚ್ಚಳವಿದೆ, ಅದರ ದನಿ ದುಂಡಗೆ, ಮೆತ್ತಗೆ. ನಿಧಾನ ಗತಿಯ ಹಾಡುಗಳಿಗೆ ಅದೇ ಹಿತ.

ತೊಡಕುಗಳೂ ಇವೆ. ಒಂದೊಂದು ಸ್ಯಾಡಲ್ ಎರಡೆರಡು ತಂತಿಗಳನ್ನು ಹೊರುವುದರಿಂದ ಆರೂ ತಂತಿಗಳ ಶ್ರುತಿಯನ್ನು ಮೇಲಿನ ಫ್ರೆಟ್‌ಗಳವರೆಗೆ ಕರಾರುವಾಕ್ಕಾಗಿ ಹೊಂದಿಸಲು ಆಗುವುದಿಲ್ಲ. ಮೂರು ಮತ್ತು ನಾಲ್ಕನೆಯ ತಂತಿಗಳ ನಡುವೆ ರಾಜಿ ಮಾಡಿಕೊಳ್ಳಬೇಕು. ಓರೆಯಾಗಿ ಕೊರೆದ ಹಿತ್ತಾಳೆ ಸ್ಯಾಡಲ್ ಹಾಕಿದರೆ ಇದು ಬಹುಪಾಲು ನೀಗುತ್ತದೆ. ಬೆರಳಿಡುವ ಮೇಲ್ಮೈಯ ಬಾಗಿನ ತ್ರಿಜ್ಯ 7.25 ಇಂಚು, ಸಾಕಷ್ಟು ಉಬ್ಬು. ತಂತಿಯನ್ನು ತೀರ ಕೆಳಗಿಟ್ಟುಕೊಂಡು ಮೇಲಿನ ಫ್ರೆಟ್‌ಗಳಲ್ಲಿ ಜೋರಾಗಿ ಎಳೆದರೆ ಸ್ವರ ಸತ್ತುಹೋಗುತ್ತದೆ. ಗಮಕ ಎಳೆಯುವವರು ಇದನ್ನು ಗಮನಿಸಲೇಬೇಕು. ಪಿಕಪ್‌ಗಳು ಸಿಂಗಲ್ ಕಾಯಿಲ್ (ಒಂದೇ ಸುರುಳಿಯವು) ಆದ್ದರಿಂದ ಟ್ಯೂಬ್‌ಲೈಟ್, ಡಿಮ್ಮರ್ ಹತ್ತಿರವಿದ್ದರೆ ಗುಂಯ್‌ಗುಡುತ್ತದೆ. ಒಡಲಿನ ಅಂಚಿಗೆ ಇಳಿಜಾರಿಲ್ಲ, ಗಂಟೆಗಟ್ಟಲೆ ಕೂತು ನುಡಿಸಿದರೆ ಮುಂದೋಳಿಗೆ ಒತ್ತುತ್ತದೆ. 1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಫೆಂಡರ್ ಅಂಚನ್ನು ಕೆತ್ತಿ ಇಳಿಸಿದರು.

ಮೇಪಲ್ ಬೋರ್ಡಿನ ವಾರ್ನಿಷ್ ಸವೆದು ಕೊಳೆ ಹಿಡಿಯುವುದು ಇಷ್ಟವಿಲ್ಲದವರಿಗೆ ರೋಸ್‌ವುಡ್ ಬೋರ್ಡಿನ ಟೆಲಿಕಾಸ್ಟರ್‌ಗಳಿವೆ. 1959ರಿಂದ ಅಂಥವು ಬರತೊಡಗಿದವು. ಮೊದಲು ಬ್ರೆಜಿಲ್‌ನ ಮರ, ಆಮೇಲೆ ಭಾರತದ್ದು, ಎಂದರೆ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆಯ ಜಾತಿ.

ಹಳೆಯದನ್ನು ಕೊಳ್ಳುವುದಾದರೆ ನೆಕ್ ಬಿಚ್ಚಿ ತೋರಿಸಲು ಕೇಳಿ. ಸ್ಕ್ರೂ ತೂತುಗಳಲ್ಲಿ ಮರ ಪುಡಿಯಾಗಿದೆಯೇ, ಬುಡದ ನಟ್ ಇನ್ನೂ ತಿರುಗುತ್ತದೆಯೇ, ಸ್ಯಾಡಲಿನ ಪುಟ್ಟ ಸ್ಕ್ರೂಗಳು ತುಕ್ಕು ಹಿಡಿದು ಕೂತಿವೆಯೇ ನೋಡಿ. ಕರಾವಳಿಯಲ್ಲಿ ಮೊದಲು ಕೈಕೊಡುವುದು ಆ ಸ್ಕ್ರೂಗಳೇ.