ಕೊಡಗಿನ ಮಳೆಗಾಲದ ತುರ್ತು ಸೇವೆ: ಆದ ಮೇಲೆ ಚುರುಕು, ಆಗುವ ಮುಂಚೆ ಮಂದ

ಹೋಂಸ್ಟೇಯ ಬಿಸಿನೀರಿಗೂ ನಕ್ಷತ್ರ ಕೊಡುವ ಈ ಜಿಲ್ಲೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರೂ ನೆಚ್ಚಿಕೊಂಡಿರುವ ಒಂದು ಸೇವೆಗೆ ಮಾತ್ರ ಯಾರೂ ಅಂಕ ಹಾಕಿದಂತಿಲ್ಲ. ಅದು ಜಿಲ್ಲಾಡಳಿತ ಮತ್ತು ಗ್ರಾಮ ಪಂಚಾಯಿತಿಗಳ ವಿಪತ್ತು ನಿರ್ವಹಣೆ. ನಮ್ಮ ಅಂಕ ಐದಕ್ಕೆ ಮೂರು. ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದ ಮೇಲೆ, ಮರ ಬಿದ್ದ ಮೇಲೆ, ಹೊಳೆ ಮನೆಯೊಳಗೆ ಬಂದ ಮೇಲೆ ಓಡಿ ಬರುವ ಕೆಲಸಕ್ಕೆ ನಾಲ್ಕು ಕೊಡಬಹುದು. ಅದಕ್ಕೆ ಮುಂಚಿನ ಆರೆಂಟು ಗಂಟೆಗಳಲ್ಲಿ ಜನರನ್ನು ಎಬ್ಬಿಸಿ ಹೊರಡಿಸುವ ಕೆಲಸಕ್ಕೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಬಾರದು.

ಮೊದಲು, ಇದನ್ನು ನಡೆಸುವವರು ಯಾರು? 2005ರ ವಿಪತ್ತು ನಿರ್ವಹಣಾ ಕಾಯ್ದೆಯ 25ನೇ ಕಲಂ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯಿತಿ ಚುನಾವಣೆ ವರ್ಷಗಟ್ಟಲೆ ನಡೆಯದೆ ಆ ಎರಡನೇ ಕುರ್ಚಿ ಖಾಲಿ ಉಳಿಯಿತು. ಹೀಗಾಗಿ ಇಡೀ ವ್ಯವಸ್ಥೆ ಅಧಿಕಾರಿಗಳ ಕೈಯಲ್ಲೇ ನಡೆಯಿತು. 31ನೇ ಕಲಂ ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಪರಿಷ್ಕರಿಸಬೇಕು ಎನ್ನುತ್ತದೆ. 41ನೇ ಕಲಂ ಪಂಚಾಯಿತಿ, ಪುರಸಭೆಗಳಂಥ ಸ್ಥಳೀಯ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಲಕರಣೆಗಳನ್ನು ಕೂಡಲೇ ಬಳಸುವ ಸ್ಥಿತಿಯಲ್ಲಿ ಇಟ್ಟಿರಬೇಕು ಎನ್ನುತ್ತದೆ. ಜನರಿಗೆ ಕಾಣದ ಭಾಗ ಈ ಎರಡನೆಯದು. ಪಂಚಾಯಿತಿಯಲ್ಲಿ ಚೈನ್ ಸಾ ಇದೆಯೇ, ಅದಕ್ಕೆ ಪೆಟ್ರೋಲ್ ಇದೆಯೇ, ಓಡಿಸಲು ಬರುವವರು ಯಾರು ಎಂದು ಮೇ ತಿಂಗಳ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಕೇಳುವವರು ಕಡಿಮೆ.

ಇನ್ನು ಮುನ್ಸೂಚನೆ. ಯೆಲ್ಲೊ, ಆರೆಂಜ್, ರೆಡ್ ಎಂಬ ಬಣ್ಣಗಳನ್ನು ಕೊಡುವುದು ಹವಾಮಾನ ಇಲಾಖೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಅದು ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದರಾಚೆ ವಿಪರೀತ. ತೋಟದ ಮಳೆ ಪುಸ್ತಕ ಇಂಚಿನಲ್ಲಿ ಬರೆಯುವವರಿಗೆ ಸುಲಭ ಲೆಕ್ಕ: ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಈ ಲೆಕ್ಕದ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಾಗಾಗಿ ರಾತ್ರಿಯ ಮಳೆ ಯಾವ ದಿನಕ್ಕೆ ಸೇರಿತು ಎಂಬ ಗೊಂದಲ ಬೇಡ.

ತೊಂದರೆ ಇರುವುದು ಬಣ್ಣದ ಅಳತೆಯಲ್ಲಿ. ರೆಡ್ ಅಲರ್ಟ್ ಇಡೀ ಜಿಲ್ಲೆಗೆ. ಆದರೆ ಭಾಗಮಂಡಲ, ಗಾಳಿಬೀಡು, ಶಾಂತಳ್ಳಿಯಲ್ಲಿ ಸುರಿಯುವ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಕುಶಾಲನಗರದಲ್ಲಿ ಬಿಸಿಲು ಕಂಡವನು ‘ರೆಡ್ ಅಲರ್ಟ್ ಅಂತೆ’ ಎಂದು ನಕ್ಕು ಸುಮ್ಮನಾಗುತ್ತಾನೆ. ಮುಂದಿನ ಸಲ ನಿಜವಾಗಿ ಹೊರಡಬೇಕಾದ ದಿನವೂ ಅದೇ ನಗು. ಈ ಕೊರತೆ ತುಂಬಲು ಒಳ್ಳೆಯ ಸಾಧನವೊಂದು ರಾಜ್ಯದ ಬಳಿಯೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಇಟ್ಟಿದೆ, ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಹಗಲಿರುಳು ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ನಿಮ್ಮ ಊರಿನ ಮುನ್ಸೂಚನೆ ಹೇಳುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಅತಿ ಉಪಯುಕ್ತ, ಅತಿ ಕಡಿಮೆ ಬಳಕೆಯ ಭಾಗ ಇದೇ ಎಂಬುದು ನಮ್ಮ ಎಣಿಕೆ. (ಜಿಲ್ಲೆಯಲ್ಲಿ ಎಲ್ಲರೂ ತಪ್ಪದೆ ಓದುವ ಎಚ್ಚರಿಕೆ ಒಂದೇ: ಶಾಲೆಗೆ ರಜೆ. ಅದರಲ್ಲೂ ಹಳೆಯ ವರ್ಷದ ಆದೇಶವನ್ನು ದಿನಾಂಕ ತಿದ್ದಿ ಹರಿಬಿಡುವವರಿದ್ದಾರೆ.)

ಮಾಪಕವನ್ನೂ ಕುರುಡಾಗಿ ನಂಬಬಾರದು. ಆಲಿಕೆಯ ಬಾಯಿಗೆ ಎಲೆ ಕಟ್ಟಿಕೊಂಡರೆ ಲೆಕ್ಕ ಕಡಿಮೆ ಬರುತ್ತದೆ. ವಾರಗಟ್ಟಲೆ ಮೋಡ ಮುಚ್ಚಿದರೆ ಸೌರಫಲಕದ ಬ್ಯಾಟರಿ ಸೊರಗುತ್ತದೆ. ಪಕ್ಕದ ತೋಟದ ಮಾಪಕಕ್ಕೂ ಇದಕ್ಕೂ ಅಜಗಜಾಂತರ ಕಂಡರೆ ಪಂಚಾಯಿತಿಗೆ ಹೇಳಿ ಬಾಯಿ ಸ್ವಚ್ಛ ಮಾಡಿಸಿ.

ಒಂದು ದಿನದ ಮಳೆಯನ್ನಷ್ಟೇ ನೋಡುವುದೂ ತಪ್ಪು. 2018ರಲ್ಲಿ ಬೆಟ್ಟ ಕುಸಿದ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಆಗಸ್ಟ್ ನಡುವಿನ ಮೂರ್ನಾಲ್ಕು ದಿನ ಸುರಿದದ್ದು ಜೂನ್‌ನಿಂದ ನೀರು ಕುಡಿದು ಕೊಬ್ಬಿದ್ದ ಮಣ್ಣಿನ ಮೇಲೆ. ಬರೆ ಹಿಡಿದು ನಿಲ್ಲುವುದು ಮಣ್ಣಿನ ಕಣಗಳ ನಡುವಿನ ತಿಕ್ಕಾಟದಿಂದ. ಒಳಗೆ ನೀರಿನ ಒತ್ತಡ ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ. ಬುಡ ಕಡಿದು ರಸ್ತೆ, ಮನೆ, ರೆಸಾರ್ಟಿಗೆ ಜಾಗ ಮಾಡಿದ್ದರೆ ಸಡಿಲವಾಗಲು ಅಷ್ಟು ನೀರೂ ಬೇಕಿಲ್ಲ. ಆದ್ದರಿಂದ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಕೊನೆಯಲ್ಲಿ ಬೀಳುವ ನಾಲ್ಕು ಇಂಚು ಜೂನ್ ಮೊದಲ ವಾರದ ಎಂಟು ಇಂಚಿಗಿಂತ ಕೆಟ್ಟದ್ದಾಗಬಹುದು. ಮೂರು ದಿನದ ಮಳೆ ಕೂಡಿಸಿ ಬರೆದಿಡಿ. ಪ್ರಕಟಣೆಗಳಲ್ಲಿ ಈ ಕೂಡಿಸಿದ ಲೆಕ್ಕ ಎದ್ದು ಕಾಣುವುದಿಲ್ಲ, ಕಾಣಬೇಕು.

1077ಕ್ಕೆ ಬರೋಣ. ಇದು ಜಿಲ್ಲಾ ತುರ್ತು ಕೇಂದ್ರದ ಸಂಖ್ಯೆ. 112 ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ನಡೆಯುತ್ತದೆ; ಜೀವ ಅಪಾಯದಲ್ಲಿದ್ದರೆ ಅದೇ ಮೊದಲು. ಕರೆಂಟಿಗೆ ಚೆಸ್ಕಾಂನ 1912. ರಸ್ತೆ, ಬರೆ, ಹೊಳೆ, ಜನರನ್ನು ಸ್ಥಳಾಂತರಿಸುವ ವಿಷಯವಾದರೆ 1077. ಕರೆ ಸ್ವೀಕರಿಸುವವರು ಬೇರೆ ಬೇರೆ ಇಲಾಖೆಯಿಂದ ಪಾಳಿಯ ಮೇಲೆ ಬಂದವರಾಗಿರಬಹುದು. ನಿಮ್ಮ ಒಕ್ಕದ (ಮನೆತನದ) ಹೆಸರು, ಐನ್‌ಮನೆಯ (ಮನೆತನದ ಮೂಲಮನೆ) ಹೆಸರು ಅವರಿಗೆ ಗೊತ್ತಿರುತ್ತದೆ ಎಂದುಕೊಂಡರೆ ಐದು ನಿಮಿಷ ಹಾಳು. ಹೇಳುವ ಕ್ರಮ ಹೀಗಿರಲಿ: ತಾಲ್ಲೂಕು, ಪಂಚಾಯಿತಿ, ಗ್ರಾಮ, ಹತ್ತಿರದ ಶಾಲೆ ಅಥವಾ ಬಸ್ ತಂಗುದಾಣ, ಏನಾಗಿದೆ, ಎಷ್ಟು ಜನ, ಅವರಲ್ಲಿ ಹಾಸಿಗೆ ಹಿಡಿದವರು, ಗರ್ಭಿಣಿ, ಡಯಾಲಿಸಿಸ್‌ನವರು ಇದ್ದಾರೆಯೇ, ಯಾವ ಕಡೆಯಿಂದ ರಸ್ತೆ ತೆರೆದಿದೆ, ತಿರುಗಿ ಕರೆಯಲು ಎರಡು ಸಂಖ್ಯೆ. ‘ರಸ್ತೆ ಯಾವ ಕಡೆಯಿಂದ ತೆರೆದಿದೆ’ ಎಂಬುದನ್ನು ಬಹುತೇಕರು ಹೇಳುವುದೇ ಇಲ್ಲ. ಜೆಸಿಬಿ ಬರೆ ಬಿದ್ದ ಜಾಗದ ಆಚೆ ಬದಿಗೆ ಬಂದು ನಿಂತರೆ ಅರ್ಧ ದಿನ ಹೋಯಿತು. ಕೊನೆಗೆ ದೂರಿನ ಸಂಖ್ಯೆ ಅಥವಾ ಸ್ವೀಕರಿಸಿದವರ ಹೆಸರು, ಸಮಯ ಬರೆದುಕೊಳ್ಳಿ. ಮುಂದೆ ಪರಿಹಾರಕ್ಕೂ ಅದು ಸಾಕ್ಷಿ.

ಗಡಿಯವರಿಗೆ ಒಂದು ಎಚ್ಚರಿಕೆ. ಕರಿಕೆ, ಮಾಕುಟ್ಟ, ಕುಟ್ಟದಲ್ಲಿ ಫೋನು ಕೇರಳದ ಟವರ್ ಹಿಡಿದಿದ್ದರೆ 1077 ಅತ್ತಲಿನ ಜಿಲ್ಲೆಗೆ ಸೇರಬಹುದು, ಅಲ್ಲಿಯೂ ಅದೇ ಸಂಖ್ಯೆ. 08272 ಕೋಡ್ ಇರುವ ಮಡಿಕೇರಿ ಕೇಂದ್ರದ ಸ್ಥಿರ ದೂರವಾಣಿ ಸಂಖ್ಯೆಯನ್ನು ಪಂಚಾಯಿತಿಯಿಂದ ಪಡೆದು ಗೋಡೆಗೆ ಅಂಟಿಸಿಡಿ. ಬೆಂಗಳೂರಿನಲ್ಲಿ ಕುಳಿತು ಊರಿನ ಅಪ್ಪ ಅಮ್ಮನಿಗಾಗಿ ಕರೆ ಮಾಡುವ ಮಕ್ಕಳಿಗೂ ಇದೇ ಮಾತು.

ಇನ್ನು ಎರಡೇ ಅಂಕ ಪಡೆದ ಭಾಗ. ಮಳೆಗಾಲ ಶುರುವಾಗುವಾಗ ಅಪಾಯದ ಜಾಗದ ಮನೆಗಳಿಗೆ ನೋಟಿಸ್ ಬರುತ್ತದೆ: ಸುರಕ್ಷಿತ ಸ್ಥಳಕ್ಕೆ ತೆರಳಬೇಕು. ಯಾವಾಗ? ಎಷ್ಟು ಮಳೆಗೆ? ಯಾರ ವಾಹನದಲ್ಲಿ? ದನ ಏನು ಮಾಡಬೇಕು? ಇವಕ್ಕೆ ಉತ್ತರವಿಲ್ಲದ ನೋಟಿಸು ಇಲಾಖೆಯ ಕಡತಕ್ಕೆ ರಕ್ಷಣೆ, ಮನೆಯವರಿಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಮನೆ ಬಿಟ್ಟಿರಲಾರರು. ಬೇಕಾದದ್ದು ಇಂಥದ್ದು: ‘ನಮ್ಮ ಪಂಚಾಯಿತಿಯ ಮಾಪಕದಲ್ಲಿ ಮೂರು ದಿನದ ಮಳೆ ಇಷ್ಟು ಇಂಚು ದಾಟಿ, ಮತ್ತೆ ಆರೆಂಜ್ ಅಥವಾ ರೆಡ್ ಇದ್ದರೆ, ಕತ್ತಲಾಗುವ ಮುಂಚೆ ಈ ಹದಿನಾಲ್ಕು ಮನೆಯವರು ಇಂಥ ಸಮುದಾಯ ಭವನಕ್ಕೆ, ಇಂಥವರ ಜೀಪಿನಲ್ಲಿ.’ ಆ ಇಂಚು ಎಷ್ಟು ಎಂಬುದನ್ನು ಭೂವಿಜ್ಞಾನ ಬಲ್ಲವರು ಪ್ರತಿ ಬರೆಗೆ ಕೂತು ತೀರ್ಮಾನಿಸಬೇಕು, ತಹಶೀಲ್ದಾರರು ಮಡಿಕೇರಿಯಿಂದ ಊಹಿಸುವುದಲ್ಲ. ‘ಕತ್ತಲಾಗುವ ಮುಂಚೆ’ ಎಂಬುದಂತೂ ಕಡ್ಡಾಯ. 2020ರ ಆಗಸ್ಟ್‌ನಲ್ಲಿ ತಲಕಾವೇರಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಾದದ್ದು ಜನ ನಿದ್ದೆಯಲ್ಲಿರುವ ಹೊತ್ತಿಗೆ.

ಅಲ್ಲಿಯವರೆಗೆ ನೆಲದ ಸೂಚನೆಗಳೇ ಗತಿ. ಮನೆಯ ಮೇಲ್ಬದಿಯಲ್ಲಿ ಹೊಸ ಬಿರುಕು, ಹಿಂದೆಂದೂ ಇಲ್ಲದ ಜಾಗದಲ್ಲಿ ಜಲ ಒಡೆಯುವುದು, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ಮಳೆ ಬರುತ್ತಿದ್ದರೂ ಕಡಿಮೆಯಾಗುವುದು, ಕರೆಂಟ್ ಕಂಬ ವಾಲುವುದು, ಬಾಗಿಲು ಚೌಕಟ್ಟಿಗೆ ಬಿಗಿಯಾಗುವುದು. ನೀರು ಕಡಿಮೆಯಾಗುವುದು ಎಲ್ಲಕ್ಕಿಂತ ಅಪಾಯದ್ದು; ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು, ತಡೆ ಒಡೆದರೆ ಎಲ್ಲವೂ ಒಟ್ಟಿಗೆ ಇಳಿಯುತ್ತದೆ. ಬಿರುಕಿನ ಎರಡೂ ಬದಿ ಗೂಟ ಹೊಡೆದು ಬೆಳಗ್ಗೆ ಸಂಜೆ ಟೇಪಿನಲ್ಲಿ ಅಳೆಯಿರಿ. ಅಂತರ ಹೆಚ್ಚಿದರೆ ಅಳೆಯುತ್ತ ಕೂರದೆ ಹೊರಡಿ. ಬಿರುಕಿಗೆ ಮಳೆ ನೀರು ಇಳಿಯದಂತೆ ಟಾರ್ಪಾಲು ಹೊದಿಸಿ, ಮೇಲಿನ ಚರಂಡಿ ಪಕ್ಕಕ್ಕೆ ತಿರುಗಿಸಿ. ಕಡಿದಾದ ಬರೆಯ ತಲೆಯಲ್ಲಿ ಇಂಗುಗುಂಡಿ ತೋಡುವುದೆಂದರೆ ನೀರನ್ನು ಕೈಯಾರೆ ಒಳಗೆ ಕಳಿಸಿದ ಹಾಗೆ.

ಮಳೆಗಾಲದಲ್ಲಿ ಭಾರಿ ಸರಕು ವಾಹನಗಳಿಗೆ ನಿರ್ಬಂಧ (ಈಚಿನ ಆದೇಶಗಳಲ್ಲಿ 18,500 ಕಿಲೋ ಮೇಲ್ಪಟ್ಟವು), ಮಣ್ಣು ಅಗೆಯುವುದಕ್ಕೆ ತಡೆ, ಎನ್‌ಡಿಆರ್‌ಎಫ್ ತಂಡವನ್ನು ಮೊದಲೇ ಜಿಲ್ಲೆಗೆ ಕರೆಸಿಕೊಳ್ಳುವುದು, ಇವೆಲ್ಲ 2018ರ ನಂತರದ ಒಳ್ಳೆಯ ಅಭ್ಯಾಸಗಳು. ತಡೆಗೋಡೆಗಳ ಬಗ್ಗೆ ಅಷ್ಟು ವಿಶ್ವಾಸದಿಂದ ಹೇಳಲಾಗದು. 2022ರ ಜುಲೈನಲ್ಲಿ ಜಿಲ್ಲಾಧಿಕಾರಿ ಕಚೇರಿಯದೇ ತಡೆಗೋಡೆ ಉಬ್ಬಿ, ಕೆಳಗಿನ ಮಂಗಳೂರು ರಸ್ತೆಯಲ್ಲಿ ಸಂಚಾರ ನಿಲ್ಲಿಸಬೇಕಾಯಿತು. ಗೋಡೆ ಎಷ್ಟೇ ದಪ್ಪವಿರಲಿ, ಹಿಂದಿನ ನೀರು ಹೊರಬರಲು ದಾರಿ ಇಲ್ಲದಿದ್ದರೆ ಒತ್ತಡವೆಲ್ಲ ಗೋಡೆಗೇ. ನಿಮ್ಮ ರಸ್ತೆಯ ಗೋಡೆಯ ಪೈಪುಗಳಿಂದ ಮಳೆಯಲ್ಲೂ ಹನಿ ನೀರು ಬರುತ್ತಿಲ್ಲವಾದರೆ ಫೋಟೊ ತೆಗೆದು ಕಳಿಸಿ.

ಹೊಳೆ ದಡದ ಸೇವೆ ಬರೆಯದ್ದಕ್ಕಿಂತ ವಾಸಿ, ಏಕೆಂದರೆ ಹೊಳೆ ಸಮಯ ಕೊಡುತ್ತದೆ. ಭಾಗಮಂಡಲದಲ್ಲಿ ಏರಿದ ಕಾವೇರಿ ನಾಪೋಕ್ಲು, ಬೇತ್ರಿ ದಾಟಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗೆ ಬರಲು ಗಂಟೆಗಳು ಬೇಕು. ಭಾಗಮಂಡಲದ ಸಂಗಮ ಮುಳುಗಿತೆಂಬ ಸುದ್ದಿಯೇ ಕೆಳಗಿನವರಿಗೆ ಮೊದಲ ಎಚ್ಚರಿಕೆ ಗಂಟೆ. ಕುಶಾಲನಗರದ ಬಡಾವಣೆಯವರು ಹಾರಂಗಿಯ ಮಟ್ಟವನ್ನೂ ನೋಡಬೇಕು. ಗರಿಷ್ಠ 2,859 ಅಡಿ. ಹಾರಂಗಿ ಕಾವೇರಿಗೆ ಸೇರುವುದು ಪಟ್ಟಣದ ಕೆಳಗೆ, ಕೂಡಿಗೆಯಲ್ಲಿ. ಅಲ್ಲಿ ಎರಡೂ ತುಂಬಿ ಬಂದಾಗ ಕಾವೇರಿಯ ನೀರು ಮುಂದೆ ಸರಿಯದೆ ನಿಧಾನವಾಗುತ್ತದೆ. ಅಣೆಕಟ್ಟೆಯಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬ ಪ್ರಕಟಣೆ ಬರುತ್ತದೆ. ಅಷ್ಟು ಬಿಟ್ಟರೆ ಯಾವ ರಸ್ತೆಗೆ ನೀರು ಬರುತ್ತದೆ ಎಂಬುದನ್ನೂ ಅದರಲ್ಲಿ ಸೇರಿಸಿದರೆ ಜನರಿಗೆ ಅರ್ಥವಾಗುತ್ತದೆ.

ಕಾಳಜಿ ಕೇಂದ್ರಕ್ಕೆ ಹೋದವರು ಕೇಳಬೇಕಾದದ್ದು ಏನು? ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡ ತಲೆಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು, 30 ಜನಕ್ಕೆ ಒಂದು ಶೌಚಾಲಯ. ಇಪ್ಪತ್ತಕ್ಕೆ ಇಪ್ಪತ್ತು ಅಡಿಯ ತರಗತಿ ಕೋಣೆ 37 ಚದರ ಮೀಟರ್, ಅಂದರೆ ಹತ್ತು ಜನ. ಇಪ್ಪತ್ತೈದು ಜನರನ್ನು ತುಂಬಿದರೆ ಮೂರನೇ ದಿನ ಕೆಮ್ಮು ಎಲ್ಲರಿಗೂ. ಊಟದ ವಿಷಯದಲ್ಲಿ ಕೊಡಗಿನಲ್ಲಿ ಕೊರತೆ ಕಡಿಮೆ, ಸಂಘ ಸಂಸ್ಥೆಗಳು ಮುಗಿಬಿದ್ದು ತರುತ್ತವೆ. ಕೊರತೆ ಇರುವುದು ಬಟ್ಟೆ ಒಣಗಿಸುವ ಜಾಗಕ್ಕೆ, ಬಿಪಿ ಸಕ್ಕರೆ ಮಾತ್ರೆಗೆ, ದನಕರುಗಳಿಗೆ. ಹಾಲು ಕರೆಯಲು, ನಾಯಿಗೆ ಅನ್ನ ಹಾಕಲು ಬೆಳಗ್ಗೆ ಮನೆಗೆ ವಾಪಸಾಗುವುದೇ ಅತಿ ಅಪಾಯದ ಹೊತ್ತು. ಕೇಂದ್ರದ ಪಕ್ಕ ದನಕ್ಕೊಂದು ಶೆಡ್ ಹಾಕಿದರೆ ಆ ಓಡಾಟ ಅರ್ಧದಷ್ಟು ಕಡಿಮೆಯಾಗುತ್ತದೆ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆ) ಅಸ್ಸಾಂ ಕಾರ್ಮಿಕರಿಗೆ ಕನ್ನಡದ ಮೈಕ್ ಪ್ರಚಾರ ತಲುಪುವುದಿಲ್ಲ. ಅವರನ್ನು ಕರೆತರುವ ಹೊಣೆ ತೋಟದ ಮಾಲೀಕರದೆಂದು ಪಂಚಾಯಿತಿ ಲಿಖಿತವಾಗಿ ಹೇಳಲಿ.

ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಟವರ್ ಬ್ಯಾಟರಿ ಮುಗಿದು ಫೋನೂ ಹೋಗುತ್ತದೆ. ಆಮೇಲೆ ಉಳಿಯುವುದು ಮಡಿಕೇರಿ ಆಕಾಶವಾಣಿ, 103.1. ಸೆಲ್ ಹಾಕುವ ಒಂದು ರೇಡಿಯೊ ಇಟ್ಟುಕೊಳ್ಳಿ. ದಾರಿಗೆ ಬಿದ್ದ ಮರಕ್ಕೆ ತಂತಿ ಸಿಕ್ಕಿದ್ದರೆ, ಕರೆಂಟ್ ಇಲ್ಲದಿದ್ದರೂ, ಲೈನ್ ಕಡಿದಿರುವುದನ್ನು ಚೆಸ್ಕಾಂನವರು ಹೇಳುವವರೆಗೆ ಕತ್ತಿ ಹಾಕಬೇಡಿ. ಎಲ್ಲೋ ಒಂದು ಮನೆಯ ಜನರೇಟರ್‌ನಿಂದ ತಂತಿಗೆ ಕರೆಂಟ್ ತಿರುಗಿ ಬಂದಿರಬಹುದು.

ಪರಿಹಾರದ ವಿಷಯದಲ್ಲಿ ಸೇವೆ ನಿಧಾನ, ಆದರೆ ಕ್ರಮ ಗೊತ್ತಿದ್ದವರಿಗೆ ಸಿಗುತ್ತದೆ. ಮಣ್ಣು ತೆಗೆಯುವ ಮುಂಚೆ ನಾಲ್ಕೂ ಬದಿಯ ಫೋಟೊ. ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚನಾಮೆಗೆ ಸಹಿ ಹಾಕುವ ಮುಂಚೆ ಹಾನಿಯ ಪ್ರಮಾಣ ಏನೆಂದು ಬರೆದಿದ್ದಾರೆ ಓದಿ, ಮೊತ್ತ ನಿಂತಿರುವುದು ಅದರ ಮೇಲೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ತಿರುಗಿ ಹೋಗುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕಿದೆ: ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ಆರ್‌ಟಿಸಿ ಎಷ್ಟೋ ಕಡೆ ಇಂದಿಗೂ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಲ್ಲಿ, ಮನೆ ಕಳೆದುಕೊಂಡವರು ಮಾತ್ರ ಬೇರೆ. ಪೈಸಾರಿಯಲ್ಲಿ (ಸರ್ಕಾರಿ ಜಾಗದಲ್ಲಿ) ಇರುವವರಿಗೆ ಆರ್‌ಟಿಸಿಯೇ ಇಲ್ಲ. ಕುಟುಂಬದ ಒಪ್ಪಿಗೆ ಪತ್ರ, ಪಂಚಾಯಿತಿಯ ಮನೆ ತೆರಿಗೆ ರಶೀದಿ, ಅದೇ ವಿಳಾಸದ ಕರೆಂಟ್ ಬಿಲ್ಲು, ಈ ಮೂರನ್ನು ಬೇಸಿಗೆಯಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಂದು ಪ್ರತಿಯನ್ನು ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಇಡಿ. ಒಪ್ಪಿಗೆ ಪತ್ರಕ್ಕೆ ಒಕ್ಕದವರ ಸಹಿ ಹಾಕಿಸಲು ಮಳೆಗಾಲದಲ್ಲಿ ಊರೂರು ಅಲೆಯುವುದು ಆಗದ ಮಾತು.