ಹಸಿ ಬಿದಿರಿನ ಅಟ್ಟ ಹಾಕಿಸುವವರೇ, ಒಂದು ನಿಮಿಷ

ಕಾಸರಗೋಡಿನ ಬದಿಯಡ್ಕದ ಕಡೆ ನಮ್ಮ ತೋಟ. ಕಳೆದ ವರ್ಷ ವಿಷು ಮುಗಿದ ವಾರ, ಚಾಲಿ (ಒಣಗಿಸಿದ ಅಡಿಕೆ) ಇಡುವುದಕ್ಕೆಂದು ಕೊಟ್ಟಿಗೆಯ ಮೇಲೆ ಬಿದಿರಿನ ಅಟ್ಟ ಹಾಕಿಸಿದೆ. ತೋಡಿನ ಬದಿಯ ಮೆಳೆಯಿಂದ ಬೆಳಿಗ್ಗೆ ಕಡಿದದ್ದು ಸಂಜೆಗೆ ಮೇಲೇರಿತು. ಒಣಗಿಸುವುದು ಬೇಡವಾ ಎಂದು ಕೇಳಿದ್ದೆ. "ಹಸಿಯೇ ಒಳ್ಳೇದು ಅಣ್ಣಾ, ಬಾಗ್ತದೆ, ಮುರಿಯುದಿಲ್ಲ" ಎಂದ ಕೆಲಸದವ.

ಆಟಿಯ, ಅಂದರೆ ಜೋರು ಮಳೆಗಾಲದ ಒಂದು ರಾತ್ರಿ ಎಂಟು ಗೋಣಿ ಚಾಲಿ ಸೆಗಣಿಯ ಮೇಲೆ ಬಿತ್ತು. ದನಗಳು ಆಚೆ ಬದಿಯಲ್ಲಿದ್ದವು, ಅಷ್ಟು ಪುಣ್ಯ.

ಅವನು ಹೇಳಿದ್ದು ಸುಳ್ಳಲ್ಲ. ಬಿದಿರು ಮುರಿದಿರಲಿಲ್ಲ, ಕಟ್ಟು ಬಿಟ್ಟಿತ್ತು. ಹಸಿ ಬಿದಿರಿನ ಬುಡದಲ್ಲಿ ಒಣ ತೂಕದಷ್ಟೇ ನೀರು ಇರುವುದುಂಟು. ಮರವಾದರೆ ತೇವ ಸುಮಾರು ನೂರಕ್ಕೆ 30ಕ್ಕೆ ಇಳಿದ ಮೇಲೆ ಸೊರಗತೊಡಗುತ್ತದೆ. ಬಿದಿರು ಕಡಿದ ದಿನದಿಂದಲೇ. ದಪ್ಪ ನೂರಕ್ಕೆ 10ರಷ್ಟೋ ಅದಕ್ಕಿಂತ ಹೆಚ್ಚೋ ಕುಗ್ಗುವುದುಂಟು. ಮೇ ಬಿಸಿಲಿಗೆ ನೈಲಾನ್ ಹಗ್ಗದೊಳಗೆ ಬೆರಳು ತೂರುತ್ತಿತ್ತು. ಬೋಲ್ಟ್ ಹಾಕಿದ ತೂತಿನಿಂದ ಗಂಟಿನವರೆಗೆ ಸೀಳು. ನಡುವೆ ಅಟ್ಟ ಜಗ್ಗಿದ್ದೂ ಕಂಡಿತ್ತು, ಕೆಳಗೆ ಒಂದು ಆಧಾರದ ಕಂಬ ಕೊಟ್ಟು ಸುಮ್ಮನಾದೆ. ಅದು ನನ್ನದೇ ತಪ್ಪು. ಹಸಿ ಇರುವಾಗ ಭಾರ ಹೊತ್ತು ಬಾಗಿದ ಬಿದಿರು ಒಣಗಿದ ಮೇಲೆ ನೆಟ್ಟಗಾಗುವುದಿಲ್ಲ.

ಒಣಗಿದರೆ ಬಿದಿರಿಗೆ ಬಲ ಬರುವುದು ನಿಜ. ತೇವ ನೂರಕ್ಕೆ 20–30ಕ್ಕಿಂತ ಕೆಳಗಿಳಿದಷ್ಟೂ ಭಾರ ತಾಳುವ ಶಕ್ತಿ, ಬಿಗಿ ಎರಡೂ ಏರುತ್ತವೆ. ಆದರೆ ನಮ್ಮ ಮಳೆಗಾಲದ ಗಾಳಿ, ಕೆಳಗೆ ಗಂಜಲದ ಹಬೆ: ಬಿದಿರು ಮತ್ತೆ ತೇವ ಎಳೆದುಕೊಂಡು ಗಳಿಸಿದ ಬಲವನ್ನು ಕಳೆದುಕೊಳ್ಳುತ್ತದೆ. ಮೇಲಿಂದ ಬಿದಿರು ಕೊರೆಯುವ ಕುಟ್ಟೆ ಹುಳು ಬೇರೆ. ಕಣಿಲೆ (ಎಳೆ ಬಿದಿರಿನ ಮೊಳಕೆ) ಏಳುವ ಮುಂಚಿನ ಬೇಸಗೆಯಲ್ಲಿ ಬಿದಿರಿನಲ್ಲಿ ಪಿಷ್ಟ ತುಂಬಿರುತ್ತದಂತೆ, ಹುಳುವಿಗೆ ಅದೇ ಊಟ. ಅಮಾವಾಸ್ಯೆ ನೋಡಿ ಕಡಿಯಬೇಕೆಂದು ನೆರೆಯ ಅಜ್ಜ ಹೇಳುತ್ತಾರೆ. ಆ ಲೆಕ್ಕ ಅವರಿಗೇ ಬಿಟ್ಟಿದ್ದೇನೆ, ಮಳೆಗಾಲ ಕಳೆದ ಮೇಲೆ ಕಡಿಯಬೇಕೆಂಬುದನ್ನು ಮಾತ್ರ ಒಪ್ಪಿದೆ.

ಈ ಸಲ ಮೂರು ವರ್ಷ ದಾಟಿದ ಬಿದಿರನ್ನೇ ಆರಿಸಿದೆ. ಆ ಪಿಷ್ಟ ಕಳೆಯಲೆಂದು ಕೆಲವು ವಾರ ಕೆರೆಯಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ನಿಲ್ಲಿಸಿ ಒಣಗಿಸಿದೆ. ಬಣ್ಣ ನೋಡಿ ಮೋಸ ಹೋಗಬೇಡಿ, ಹೊರಗೆ ಹಳದಿಯಾಗಿದ್ದರೂ ಒಳಗೆ ಹಸಿ ಇರುತ್ತದೆ. ಒಂದು ಗಳಕ್ಕೆ ಗುರುತು ಹಾಕಿ ಅಡಿಕೆ ತೂಗುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಿರುವಷ್ಟು ದಿನ ಅದರ ಮೇಲೆ ಏನೂ ಹೇರಬೇಡಿ.