ಕಾಳಿ ಎರಡು, ಕಾಳಿ ಐದು: ಯುಗಳಗೀತೆಯ ಅದಲುಬದಲು

ಗಂಡಸು ಸೀರೆ ಉಟ್ಟು ಹಾಡಿದರೆ ಕಲಬುರಗಿಯಲ್ಲಿ ಯಾರೂ ಬೆಚ್ಚಿಬೀಳಲ್ಲ. ಬಯಲಾಟದ ಸ್ತ್ರೀಪಾತ್ರ ಕಂಡ ಸೀಮೆ ಇದು, ಸ್ತ್ರೀಪಾತ್ರಕ್ಕೆ ಹೆಸರಾದ ಮರಾಠಿ ರಂಗಭೂಮಿಯ ಗಾಯಕ-ನಟ ಬಾಲಗಂಧರ್ವರ (1888–1967) ಹೆಸರೂ ಹೊಸದಲ್ಲ. ರಸಮಂಜರಿ ವೇದಿಕೆಯಲ್ಲಂತೂ ಒಬ್ಬನೇ ಎರಡೂ ಧ್ವನಿ ಹಾಡಿ ಸಿಳ್ಳೆ ಗಿಟ್ಟಿಸೋದು ಮಾಮೂಲು. ಹಾಗಾಗಿ ಸಿನಿಮಾ ಹಾಡಿನ ಗಂಡು-ಹೆಣ್ಣಿನ ಪಾತ್ರವನ್ನು ಕೆದಕುವ ಈ 70 ನಿಮಿಷದ ಪ್ರದರ್ಶನ ವಿಗ್ಗು, ಬಳೆಗಳೊಂದಿಗೆ ಶುರುವಾದಾಗ ಸಭಾಂಗಣ ತಣ್ಣಗೆ ಕೂತಿತ್ತು. ಎರಡನೇ ಹಾಡಿಗೆ, ಚುಡಾಯಿಸುವ ಗಂಡಿನ ಸಾಲನ್ನು ಗಾಯಕಿ ಎತ್ತಿಕೊಂಡಾಗ, ಎಲ್ಲರ ಬೆನ್ನು ನೆಟ್ಟಗಾಯ್ತು.

ಪೇಟಿ, ಅಂದರೆ ಹಾರ್ಮೋನಿಯಂ ಬಲ್ಲವರಿಗೆ ಇದರ ಲೆಕ್ಕ ಗೊತ್ತು. ಅದರ ಕಪ್ಪು ಮನೆಗಳೇ ಕಾಳಿ, ಎಡದಿಂದ ಒಂದರಿಂದ ಐದು. ಗಂಡು ಧ್ವನಿ ಸಾಮಾನ್ಯವಾಗಿ ಕಾಳಿ ಒಂದು-ಎರಡಕ್ಕೆ ಕೂಡುತ್ತೆ, ಹೆಣ್ಣು ಧ್ವನಿ ಕಾಳಿ ನಾಲ್ಕು-ಐದಕ್ಕೆ. ಕಾಳಿ ಎರಡರ ಪಂಚಮವೇ ಕಾಳಿ ಐದು. ಅವನ ಪ ಇರುವ ಜಾಗದಲ್ಲಿ ಅವಳ ಸ. ಯುಗಳಗೀತೆ ಒಂದೇ ಪಟ್ಟಿಯಲ್ಲಿ, ಅಂದರೆ ಇಬ್ಬರಿಗೂ ಒಂದೇ ಸ ಇಟ್ಟುಕೊಂಡು, ನಡೀಬೇಕಾದರೆ ಯಾರಾದರೊಬ್ಬರು ಮನೆ ಬಿಟ್ಟು ಹೊರಡಬೇಕು. ಹೆಚ್ಚಾಗಿ ಹೊರಡೋದು ಅವಳೇ, ಮೇಲಕ್ಕೆ. ಈಗ ಸಾಲು ಅದಲುಬದಲು ಮಾಡಿ ನೋಡಿ. ಕಾಳಿ ಎರಡರಲ್ಲಿ ಅವನ ಸಾಲು ಮಂದ್ರ ಪಂಚಮಕ್ಕೆ (ಕೆಳಗಿನ ಸ್ಥಾಯಿಯ ಪ) ಇಳಿದರೆ ಸುಮಾರು 116 ಹರ್ಟ್ಸ್, ಅಲ್ಲಿ ಗಾಯಕಿಗೆ ಬರೀ ಉಸಿರು ಉಳಿಯುತ್ತೆ. ಅವಳ ಸಾಲು 466ಕ್ಕೆ ಏರಿದರೆ ಹೆಚ್ಚಿನ ಗಾಯಕರು ಕಳ್ಳಧ್ವನಿಗೆ (ಫಾಲ್ಸೆಟೊ) ಜಾರಲೇಬೇಕು. ತಂಡ ಈ ಎರಡನ್ನೂ ಮುಚ್ಚಿಡಲಿಲ್ಲ. ಉಸಿರು ಕೇಳಿಸಿತು, ಜಾರಿದ್ದೂ ಕೇಳಿಸಿತು. ಇಡೀ ಸಂಜೆಯ ಜಾಣತನ ಇಲ್ಲೇ ಇದೆ.

ಮೈಕಿನ ಬಳಕೆ ನೋಡಬೇಕಿತ್ತು. ಗಾಯಕಿ ತುಟಿಗೆ ಎರಡು ಬೆರಳಿನಷ್ಟು ಹತ್ತಿರ ಹಿಡಿದಳು. ಕಾರ್ಡಿಯಾಯ್ಡ್ ಮೈಕು (ಮುಖ್ಯವಾಗಿ ಎದುರಿನ ಸದ್ದನ್ನಷ್ಟೇ ಹಿಡಿಯುವಂಥದ್ದು) ಅಷ್ಟು ಸಮೀಪದಲ್ಲಿ ತಗ್ಗಿನ ಸ್ವರ ಉಬ್ಬಿಸುತ್ತೆ, ಧ್ವನಿಗೆ ತೂಕ ಬರುತ್ತೆ. ಗಾಯಕ ಒಂದು ಗೇಣು ದೂರ ಸರಿದ, ಅವನ ಧ್ವನಿ ತೆಳ್ಳಗಾಯಿತು. ವೇಷ ಏನೂ ಬದಲಾಗದೆ ಗಂಡು-ಹೆಣ್ಣು ಜಾಗ ಬದಲಾಯಿಸಿದ್ದು ಹೀಗೆ. ಆದರೆ ದೂರ ಹೆಚ್ಚಿದಷ್ಟು ಸದ್ದು ಇಳಿಯುತ್ತೆ. ಸೌಂಡ್‌ನವರು ಫೇಡರ್ (ಸದ್ದಿನ ಗುಂಡಿ) ಏರಿಸಿದ್ದೇ ತಡ, ಮಾನಿಟರ್, ಅಂದರೆ ಗಾಯಕರ ಕಡೆ ಮುಖ ಮಾಡಿದ ವೇದಿಕೆಯ ಸ್ಪೀಕರ್, ಕೂಗಿಕೊಂಡಿತು. ಗಾಯಕ ಗಾಬರಿಯಲ್ಲಿ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದ, ಕೂಗು ಇನ್ನೂ ಜೋರಾಯ್ತು. ಜಾಲರಿ ಮುಚ್ಚಿದರೆ ಮೈಕು ದಿಕ್ಕು ಮರೆತು ಸುತ್ತಲಿನದ್ದೆಲ್ಲ ಎಳೆದುಕೊಳ್ಳುತ್ತೆ. ಮಾನಿಟರನ್ನು ಮೈಕಿನ ಬೆನ್ನಿಗೆ ನೇರವಾಗಿ ಇಟ್ಟಿದ್ದರೆ ಇಷ್ಟು ರಂಪ ಇರಲಿಲ್ಲ.

ಮೂರನೇ ಹಾಡಿಗೆ ರೆಕಾರ್ಡಾದ ಹಿನ್ನೆಲೆ ಸಂಗೀತದ ಟ್ರ್ಯಾಕನ್ನು ಐದು ಸ್ವರಸ್ಥಾನ ಇಳಿಸಿದ್ದರು. ತಬಲಾ ಒದ್ದೆ ರಟ್ಟು ಬಡಿದಂತೆ ಕೇಳಿತು. ಸಾಫ್ಟ್‌ವೇರಿನಲ್ಲಿ ಒಂದೆರಡು ಸ್ಥಾನ ಸರಿಸಿದರೆ ಕಿವಿ ಸಹಿಸುತ್ತೆ, ಐದಾದರೆ ವಾದ್ಯದ ಬಣ್ಣವೇ ಕೆಡುತ್ತೆ. ಪೇಟಿ, ತಬಲಾ ಕೂರಿಸಿಕೊಂಡು ನೇರವಾಗಿ ನುಡಿಸಿದ್ದರೆ ಸಾಕಿತ್ತು. ಈ ಊರಲ್ಲಿ ತಬಲಜಿಗಳಿಗೆ ಬರವೇನ್ರಿ?

ನಡುವಿನ ಕಾಲು ಗಂಟೆ ಗೀಗೀ ಪದ. ಹರದೇಶಿಯವರು ಗಂಡನ್ನು, ನಾಗೇಶಿಯವರು ಹೆಣ್ಣನ್ನು ಮೇಲೆತ್ತಿ ಸವಾಲ್-ಜವಾಬ್ ನಡೆಸೋದು ನಮ್ಮಲ್ಲಿ ಹಳೆಯ ಕ್ರಮ. ಇಲ್ಲಿ ಗಂಡಸರು ನಾಗೇಶಿ, ಹೆಂಗಸರು ಹರದೇಶಿ. ಎದುರಾಳಿಯ ವಾದವನ್ನೇ ತಾನು ಗೆಲ್ಲಿಸಬೇಕಾದ ಇಕ್ಕಟ್ಟು. ‘ಹೊತ್ತು ಹೆತ್ತವಳು ನಾನು’ ಅಂತ ಮೀಸೆಯವನೊಬ್ಬ ಗಂಭೀರವಾಗಿ ಪಟ್ಟು ಹಾಕಿದಾಗ ಹಿಂದಿನ ಸಾಲಿನ ಮುದುಕಿಯರು ಸೆರಗು ಬಾಯಿಗಿಟ್ಟು ನಕ್ಕರು, ಆಮೇಲೆ ನಗು ನಿಲ್ಲಿಸಿ ಕೇಳಿದರು. ತೊಡಕು ಡಪ್ಪಿನದು. ಚರ್ಮ ಸಡಿಲಾಗಿ ನಾದ ಸತ್ತಿತ್ತು. ಬಯಲಲ್ಲಾದರೆ ಬೆಂಕಿಗೆ ಕಾಯಿಸಬಹುದು. ಒಳಾಂಗಣದಲ್ಲಿ ಹ್ಯಾಲೊಜನ್ ದೀಪದ ಮುಂದೆ ಸ್ವಲ್ಪ ಹೊತ್ತು ಹಿಡಿದರೂ ನಡೆಯುತ್ತೆ, ಅದನ್ನೂ ಮಾಡಿರಲಿಲ್ಲ.

ಜೋಗತಿ ಕುಣಿತದ ತುಣುಕು ಮಾತ್ರ ಕಿತ್ತುಹಾಕಬೇಕು. ಕೊಡ ತಲೆಯ ಮೇಲೆ, ಚೌಡಿಕೆ ಪೆನ್‌ಡ್ರೈವಿನಲ್ಲಿ! ಕುಣಿಯುವವರ ಹೆಜ್ಜೆ ನೋಡಿ ತಂತಿ ಎಳೆಯುವ ವಾದ್ಯ ಅದು, ರೆಕಾರ್ಡಿಂಗ್ ಹೆಜ್ಜೆ ಕಾಯಲ್ಲ. ತೃತೀಯ ಲಿಂಗಿ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೂ ಅವರ ಬದುಕಿನ ಕಲೆಯನ್ನು ಮೂರು ನಿಮಿಷದ ವೇಷ ಮಾಡಿದ್ದು ಸರಿಕಾಣಲಿಲ್ಲ.

ವೇಷ ಬದಲಿಸಲು ವೆಲ್ಕ್ರೋ ಹೊಲಿದ ಸೀರೆ ಬಳಸುತ್ತಾರೆ, 40 ಸೆಕೆಂಡಿನ ಕೆಲಸ. ಕಾಲರ್ ಮೈಕು ಆರಿಸಲು ಮರೆತಿದ್ದರಿಂದ ಕತ್ತಲಲ್ಲಿ ಚರ್ರ್ ಅಂತ ಇಡೀ ಸಭಾಂಗಣಕ್ಕೆ ಕೇಳಿತು. ಸ್ಪೀಕರಿನಲ್ಲಿ ಹೆಣ್ಣು ಕಿತ್ತು ಗಂಡಾಗುವ ಸದ್ದು! ತಪ್ಪಿನಿಂದಲೇ ಬಂದದ್ದಾದರೂ ಅದನ್ನು ಬೇಕೆಂದೇ ಉಳಿಸಿಕೊಳ್ಳಲಿ.

ಕಾಲೇಜು, ಸಂಘಗಳವರು ಕರೆಸಬಹುದು. 20 ಅಡಿ ವೇದಿಕೆ, ಕೈಯಲ್ಲಿ ಹಿಡಿಯುವ ನಾಲ್ಕು ಡೈನಾಮಿಕ್ ಮೈಕು, ಎರಡು ಮಾನಿಟರ್ ಬೇಕು. ಸೌಂಡ್‌ನವರು ಹಿಂದಿನ ದಿನದ ತಾಲೀಮಿಗೆ ಬರಲೇಬೇಕು ಅಂತ ಮಾತು ತಗೊಳ್ಳಿ. ಮೊದಲ ಹಾಡು ತಪ್ಪಿಸಿಕೊಂಡು ಹತ್ತು ನಿಮಿಷ ತಡವಾಗಿ ಹೋದರೂ ನಷ್ಟವಿಲ್ಲ.